ಸಾವಿನ ಮನೆಯ ರಂಗೋಲಿ

ಸತ್ತ ಗುಂಗಿಯನ್ನು ಮಾತಾಡಿಸುವುದು ಮಂದಾಕಿನಿ ಇಟಗಿಯ ಕೆಲಸವಾಗಿತ್ತು.

ಗುಂಗಿ ಎಂದರೆ ಹುಳವಲ್ಲ. ಕರಾವಳಿಯನ್ನು ಹಿಡಿದು ಘಟ್ಟದ ನೆತ್ತಿಯವರೆಗೆ ಬಂದು ಕೂತಿದ್ದ ಶತ್ರುಪಡೆ ನಮ್ಮ ಕಡೆಗೆ ಬಿಡುತ್ತಿದ್ದ, ಕೊಡಪಾನದ ಗಾತ್ರದ ಹಾರುವ ಆಯುಧ. ಗುಂಯ್ ಎನ್ನುತ್ತ ಬರುತ್ತಿತ್ತು, ಊರ ಮೇಲೆ ತಗ್ಗಿ ಎರಡು ಸುತ್ತು ಹಾಕುತ್ತಿತ್ತು, ಬೇಕಾದ ಮನೆಯನ್ನು ತಾನೇ ಆರಿಸಿಕೊಂಡು ಅದರ ಮೇಲೆ ಬೀಳುತ್ತಿತ್ತು. ದೂರದಲ್ಲಿ ಕೂತು ಅದನ್ನು ನಡೆಸುವವರು ಯಾರೂ ಇರಲಿಲ್ಲ. ಹೀಗಾಗಿ ರೇಡಿಯೋ ಅಲೆಗಳನ್ನು ಕೆಡಿಸಿ ಅದರ ದಾರಿ ತಪ್ಪಿಸುವ ಹಳೆಯ ಉಪಾಯ ನಡೆಯುತ್ತಿರಲಿಲ್ಲ. ಉಗುರಿನಷ್ಟಗಲದ ಒಂದು ಬಿಲ್ಲೆಯೇ ಅದರ ಮಿದುಳು. ಯಾವುದು ಸೈನಿಕರ ಬಿಡಾರ, ಯಾವುದು ಸಂಸಾರಸ್ಥರ ಮನೆ ಎಂದು ಲಕ್ಷಾಂತರ ಚಿತ್ರಗಳನ್ನು ತೋರಿಸಿ, ಪಾಠ ಒಪ್ಪಿಸಿಕೊಂಡು, ಆಮೇಲೆ ಅದನ್ನು ಹಾರಿಬಿಡುತ್ತಿದ್ದರು.

ನಮ್ಮವರು ಹೊಡೆದುರುಳಿಸಿದ ಗುಂಗಿಗಳಲ್ಲಿ ಬಿಲ್ಲೆ ಸುಟ್ಟಿರುತ್ತಿತ್ತು. ಸಿಕ್ಕಿಬಿದ್ದರೆ ತನ್ನನ್ನು ತಾನೇ ಸುಟ್ಟುಕೊಳ್ಳುವುದನ್ನೂ ಅದಕ್ಕೆ ಕಲಿಸಿದ್ದರು. ಆದರೆ ಅರೆಬೆಂದ ಬಿಲ್ಲೆಯನ್ನು ಕೊರೆಯುವಷ್ಟು ತಣ್ಣನೆಯ ದ್ರವ ಸಾರಜನಕದಲ್ಲಿ ಅದ್ದಿ, ಕೂದಲೆಳೆಯಂಥ ತಂತಿಗಳನ್ನು ಮುಟ್ಟಿಸಿದರೆ ಉಳಿದ ತುಣುಕು ಸ್ವಲ್ಪ ಹೊತ್ತು ಎಚ್ಚರಗೊಳ್ಳುತ್ತದೆ ಎಂಬುದು ಯುದ್ಧದ ಎರಡನೆಯ ವರ್ಷ ಗೊತ್ತಾಯಿತು. ಹಾಗೆ ಎಬ್ಬಿಸಿ ಅದಕ್ಕೆ ಒಂದೊಂದೇ ಚಿತ್ರ ತೋರಿಸಬೇಕು. ಇದು ನನ್ನ ಬೇಟೆ ಎಂದು ಬಿಲ್ಲೆಗೆ ಅನ್ನಿಸಿದರೆ ಪರದೆಯ ಮೇಲಿನ ಹಸಿರು ಗೆರೆ ನೆಗೆಯುತ್ತದೆ, ಅಲ್ಲವೆಂದರೆ ಮಲಗಿರುತ್ತದೆ. ಕಳುವಾದ ಎಮ್ಮೆಯನ್ನು ಅಂಗೈಯ ಕಾಡಿಗೆಯಲ್ಲಿ ಹುಡುಕುವವರ ನೆನಪಿನಿಂದ ಈ ಯಂತ್ರಕ್ಕೆ ಯಾರೋ ಅಂಜನ ಎಂದು ಹೆಸರಿಟ್ಟರು. ಹುಬ್ಬಳ್ಳಿಯ ಒಂದು ಹಳೆಯ ಹತ್ತಿ ಮಿಲ್ಲಿನ ನೆಲಮಾಳಿಗೆಯಲ್ಲಿ ಅಂಜನ ಇತ್ತು, ಅದರ ಮುಂದೆ ಸ್ವೆಟರ್ ಹಾಕಿಕೊಂಡು ಮಂದಾಕಿನಿ ಇರುತ್ತಿದ್ದಳು.

ಅವಳು ಕೊಡುವ ವರದಿ ಚಿಕ್ಕದು. ಶತ್ರುವಿನ ಆಯುಧ ಏನನ್ನು ಹುಡುಕುತ್ತಿದೆ, ಏನನ್ನು ಬಿಡುತ್ತಿದೆ ಎಂಬ ನಾಲ್ಕು ಸಾಲು. ಪ್ರತಿ ಸಾಲಿನ ಕೊನೆಗೆ ಖಚಿತ, ಸಂಭವ, ಅನುಮಾನ ಎಂಬ ಮೂರರಲ್ಲಿ ಒಂದು ಮಾತು. ಖಚಿತ ಎಂದು ಅವಳು ಬರೆದದ್ದು ಸಂಜೆಯೊಳಗೆ ಗಡಿಯ ಪ್ರತಿ ತುಕಡಿಗೂ ಆಜ್ಞೆಯಾಗಿ ಹೋಗುತ್ತಿತ್ತು. ಅನುಮಾನ ಎಂದು ಬರೆಯುವುದಕ್ಕೇ ಅವಳು ಹೆಚ್ಚು ಯೋಚಿಸುತ್ತಿದ್ದಳು. ಖಚಿತವಿಲ್ಲದ್ದನ್ನು ಖಚಿತ ಎಂದು ಬರೆದವರ ಕೈಗೆ ರಕ್ತ ಅಂಟುತ್ತದೆ ಎಂದು ಹೊಸದಾಗಿ ಸೇರಿದವರಿಗೆ ಹೇಳುತ್ತಿದ್ದಳು. ಗೊತ್ತಿದ್ದೂ ಬರೆಯದಿದ್ದರೆ ಏನಾಗುತ್ತದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಳ್ನಾವರದ ಸುತ್ತಿನ ಹಳ್ಳಿಗಳಿಂದ ವಿಚಿತ್ರವಾದ ಸುದ್ದಿ ಬರತೊಡಗಿತು. ಗುಂಗಿಗಳು ಸೈನಿಕರ ಬಿಡಾರಗಳ ಮೇಲೆ ಬೀಳುವುದು ಸರಿ. ನಡುನಡುವೆ ಸಾವಾದ ಮನೆಗಳ ಮೇಲೂ ಬೀಳುತ್ತಿದ್ದವು. ಒಬ್ಬ ಮುದುಕಿ ಜ್ವರದಿಂದ ಸತ್ತು ಮಣ್ಣಾಗಿ ಮೂರು ದಿನವಾಗಿಲ್ಲ, ಮಾತಾಡಿಸಲು ಬಂದ ಬೀಗರ ಸಮೇತ ಮನೆಯೇ ಹೋಯಿತು. ಇನ್ನೊಂದೂರಿನ ಸಾಬರ ಓಣಿಯಲ್ಲಿಯೂ ಹಾಗೆಯೇ ಆಯಿತು. ಸಾವಿಗೆ ಸೇರಿದವರಲ್ಲಿ ಯಾರೋ ಶತ್ರುವಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂದು ಮೇಲಿನವರು ಗುಮಾನಿಪಟ್ಟರು. ಪೊಲೀಸರು ನೆಂಟರಿಷ್ಟರನ್ನು ಕರೆದು ವಿಚಾರಿಸಿದರು. ಜನ ಸಾವಿನ ಮನೆಗೆ ಹೋಗುವುದನ್ನೇ ಬಿಟ್ಟರು. ಹೆಣಕ್ಕೆ ಹೆಗಲು ಕೊಡಲು ನಾಲ್ಕು ಜನ ಸಿಗದ ಊರುಗಳಾದವು. ಯುದ್ಧ ಮಾಡುವ ಕೇಡುಗಳಲ್ಲಿ ಇದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಇದರ ನಡುವೆ ಮಂದಾಕಿನಿಯ ಅಕ್ಕ ಗಿರಿಜಾಳ ಮಾವ ತೀರಿಕೊಂಡ. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದ. ಅಕ್ಕನ ಊರು ಬೆಣಚಿಕೊಪ್ಪ, ಅಳ್ನಾವರದ ಪಕ್ಕದ ಹಳ್ಳಿ. ತಾಯಿ ಸತ್ತ ಮೇಲೆ ಮಂದಾಕಿನಿಯನ್ನು ಸಾಕಿ, ಓದಿಸಿ, ಅವಳ ತಲೆಯ ಹೇನು ಹೆಕ್ಕಿ ದೊಡ್ಡವಳನ್ನಾಗಿ ಮಾಡಿದ್ದು ಈ ಅಕ್ಕನೇ. ಹೀಗಾಗಿ ಅರ್ಧ ದಿನದ ರಜೆ ಬೇಡಿಕೊಂಡು ಮಣ್ಣಿಗೆ ಹೋಗಿಬಂದಳು. ಒಲೆ ಆರಿತ್ತು. ಬೀಗರು ತಂದ ಬುತ್ತಿಯ ರೊಟ್ಟಿಯನ್ನೇ ಎಲ್ಲರೂ ಮುರಿದು ತಿಂದರು. ಅಂಜಿಕೆಯ ನಡುವೆಯೂ ಓಣಿಯ ಗಂಡಸರು ಕಟ್ಟೆಯ ಮೇಲೆ ಬಂದು ಕೂತಿದ್ದರು. ಅಂಗಳ ಬರಿದಾಗಿತ್ತು. ಅವರ ಮತದಲ್ಲಿ ಸೂತಕವೇ ಇಲ್ಲ ಎಂದು ಮಠದ ಸ್ವಾಮಿಗಳು ಪ್ರತಿ ವರ್ಷ ಹೇಳುತ್ತಾರೆ, ಎಲ್ಲರೂ ತಲೆದೂಗುತ್ತಾರೆ. ಆದರೆ ಸಾವಾದ ಮನೆಯ ಬಾಗಿಲಿಗೆ ದಿವಸದ ಕಾರ್ಯ ಮುಗಿಯುವ ತನಕ ರಂಗೋಲಿ ಬೀಳುವುದಿಲ್ಲ.

ಮರುದಿನ ಅಂಜನಕ್ಕೆ ಒಂದು ಒಳ್ಳೆಯ ಬಿಲ್ಲೆ ಸಿಕ್ಕಿತ್ತು, ಮುಕ್ಕಾಲು ಪಾಲು ಸುಡದೆ ಉಳಿದದ್ದು. ಮಂದಾಕಿನಿ ಮಾಮೂಲಿನ ಚಿತ್ರಗಳನ್ನು ತೋರಿಸಿದಳು. ಗಂಡಸರು ಗುಂಪಾಗಿ ಕೂತ ಮನೆ, ಹೊಗೆ ಏಳದ ಮನೆ, ಇವಕ್ಕೆ ಗೆರೆ ನೆಗೆಯಿತು. ಬೇರೆಡೆಯಿಂದ ಊಟ ಬರುವ ಸೈನಿಕರ ಬಿಡಾರ ಇರುವುದೇ ಹಾಗೆ. ಸಾವಿನ ಮನೆಯೂ ಹಾಗೆಯೇ ಅಲ್ಲವೇ ಎಂದು ಅವಳಿಗೆ ಹೊಳೆಯಿತು. ಸುದ್ದಿ ಮುಟ್ಟಿಸುವ ದ್ರೋಹಿ ಯಾರೂ ಇರಲಿಲ್ಲ. ಜನರ ದುಃಖ ಮೇಲಿನಿಂದ ನೋಡಿದರೆ ದಂಡಿನ ಹಾಗೆ ಕಾಣುತ್ತಿತ್ತು, ಅಷ್ಟೆ.

ಇನ್ನೂ ಒಂದು ಅನುಮಾನ ಉಳಿಯಿತು. ಮದುವೆಮನೆಯಲ್ಲೂ ಗಂಡಸರು ಸೇರುತ್ತಾರೆ, ಅವುಗಳ ಮೇಲೆ ಯಾಕೆ ಬಿದ್ದಿಲ್ಲ? ಅವಳ ಹತ್ತಿರ ಮದುವೆಮನೆಯ ಚಿತ್ರವಿರಲಿಲ್ಲ. ತನ್ನ ಫೋನಿನಲ್ಲಿದ್ದ ಅಕ್ಕನ ಮನೆಯ ಚಿತ್ರವನ್ನೇ ತೋರಿಸಿದಳು. ಹಿಂದಿನ ದೀಪಾವಳಿಯದು. ಕಟ್ಟೆಯ ತುಂಬ ಗಂಡಸರು, ಅಂಗಳದಲ್ಲಿ ಅಕ್ಕ ಹಾಕಿದ ದೊಡ್ಡ ರಂಗೋಲಿ. ಗೆರೆ ನೆಗೆಯಲಿಲ್ಲ. ಮಲಗಿಯೂ ಇರಲಿಲ್ಲ. ಇನ್ನೂ ಕೆಳಕ್ಕೆ ಇಳಿದು ಪರದೆಯ ತಳ ಮುಟ್ಟಿತು. ಅಂಥದ್ದನ್ನು ಅವಳು ಹಿಂದೆ ನೋಡಿರಲಿಲ್ಲ. ಕಂಪ್ಯೂಟರಿನಲ್ಲಿ ರಂಗೋಲಿಯನ್ನಷ್ಟೇ ಅಳಿಸಿ ಅದೇ ಚಿತ್ರವನ್ನು ಮತ್ತೆ ತೋರಿಸಿದಳು. ಗೆರೆ ನೆಗೆದು ನಿಂತಿತು. ಅವಳ ಕಣ್ಣೆದುರಿಗೇ ಅಕ್ಕನ ಮನೆ ಬೇಟೆಯಾಯಿತು.

ಆಮೇಲೆ ಎಲ್ಲೆಲ್ಲಿಂದಲೋ ರಂಗೋಲಿಗಳನ್ನು ಹುಡುಕಿ ತಂದು ತೋರಿಸಿದಳು. ಚುಕ್ಕಿಯದು, ಎಳೆಯದು, ಮಗು ಗೀಚಿದ ಸೊಟ್ಟ ನಕ್ಷತ್ರ, ಕಾಲು ತಾಗಿ ಅರ್ಧ ಅಳಿದದ್ದು. ಎಲ್ಲಕ್ಕೂ ಗೆರೆ ತಳ ಮುಟ್ಟಿತು. ಬಟ್ಟೆಯ ಹಗ್ಗಕ್ಕಾಗಲಿ, ದನಕ್ಕೆ ಮೇವು ಹಾಕುವ ಗ್ವಾದಲಿಗಾಗಲಿ ಹೀಗಾಗಲಿಲ್ಲ. ಬಿಲ್ಲೆ ಇದನ್ನು ತಾನಾಗಿ ಕಲಿತಿರಲಿಲ್ಲ, ಯಾರೋ ಕೂತು ಕಲಿಸಿದ್ದರು. ಘಟ್ಟದ ಆಚೆ, ಇಂಥದ್ದೇ ಒಂದು ತಣ್ಣನೆಯ ಕೋಣೆಯಲ್ಲಿ, ಒಬ್ಬರು ಸಾವಿರಾರು ರಂಗೋಲಿ ಕೂಡಿಹಾಕಿ, ಇಲ್ಲಿ ಬೀಳಬೇಡ ಎಂದು ಒಂದೊಂದರ ಮೇಲೂ ಗುರುತು ಮಾಡಿದ್ದರು. ಮೇಲಿನವರ ಅಪ್ಪಣೆ ಇದ್ದಿರಲಾರದು. ಅರ್ಧ ಅಳಿದ ರಂಗೋಲಿಯನ್ನೂ ಕಲಿಸದೆ ಬಿಟ್ಟಿರಲಿಲ್ಲ ಎಂದ ಮೇಲೆ, ಬೆಳಗಿನ ರಂಗೋಲಿ ಮಧ್ಯಾಹ್ನದ ಹೊತ್ತಿಗೆ ಏನಾಗುತ್ತದೆ ಎಂದು ಬಲ್ಲವರೇ ಇರಬೇಕು. ಆ ಒಬ್ಬರು ಗಂಡೋ ಹೆಣ್ಣೋ, ಯಾವ ಊರಿನವರೋ. ವೈರಿಯ ಕಡೆಯವರು ಎಂಬುದನ್ನು ಮರೆತು ಮಂದಾಕಿನಿಗೆ ಅವರ ಮೇಲೆ ಮಮತೆ ಉಕ್ಕಿತು. ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡಳು.

ಇದನ್ನು ವರದಿಯಲ್ಲಿ ಬರೆದರೆ ಏನಾಗುತ್ತದೆ ಎಂದು ಯೋಚಿಸಲು ದೊಡ್ಡ ತಲೆ ಬೇಕಿರಲಿಲ್ಲ. ನಾಳೆಯೇ ಪ್ರತಿ ಬಿಡಾರದ ಮುಂದೆ, ಗುಂಡು ಹಾರಿಸುವ ಪ್ರತಿ ತೋಪಿನ ಮುಂದೆ ರಂಗೋಲಿ ಬೀಳುತ್ತದೆ. ನಾಲ್ಕು ದಿನ ಸೈನಿಕರು ಉಳಿಯುತ್ತಾರೆ. ಶತ್ರು ಕುರುಡನಲ್ಲ, ಅವನಿಗೆ ತಿಳಿದೇ ತಿಳಿಯುತ್ತದೆ. ಆಮೇಲೆ ರಂಗೋಲಿ ಕಂಡಲ್ಲಿ ಬೀಳು ಎಂದು ಹೊಸ ಬಿಲ್ಲೆಗೆ ಪಾಠವಾಗುತ್ತದೆ. ಬರೆಯದಿದ್ದರೆ, ಇಂದು ರಾತ್ರಿ ಯಾವ ಬಿಡಾರದ ಮೇಲೆ ಬೀಳುತ್ತದೋ ಆ ಹುಡುಗರಿಗೆ ಉತ್ತರ ಹೇಳುವವರು ಯಾರು? ಎರಡು ಕಡೆಯೂ ಹೆಣವೇ ಇತ್ತು. ಒಂದು ಕಡೆಯವು ಇವತ್ತಿನವು, ಇನ್ನೊಂದು ಕಡೆಯವು ನಾಳೆಯವು. ಸಂಜೆಯವರೆಗೆ ಕೂತು ಅವಳು ಬರೆದದ್ದು ಇಷ್ಟು: ಗಂಡಸರ ಗುಂಪು ಮತ್ತು ಹೊಗೆಯಿಲ್ಲದ ಒಲೆ ಕಂಡಲ್ಲಿ ಬೀಳುತ್ತದೆ, ಖಚಿತ. ಸಾವಿನ ಮನೆಗಳ ಮೇಲೆ ಬೀಳುವುದು ಇದರಿಂದಲೇ ಹೊರತು ಯಾರ ದ್ರೋಹದಿಂದಲೂ ಅಲ್ಲ, ಖಚಿತ. ರಂಗೋಲಿಯ ಮಾತು ಎತ್ತಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಕ್ಕನಿಗೆ ಫೋನು ಹಚ್ಚಿದಳು. ನಾಳೆ ಮುಂಜಾನೆ ಅಂಗಳದಲ್ಲಿ ದೊಡ್ಡದೊಂದು ರಂಗೋಲಿ ಹಾಕು ಎಂದಳು.

“ಮಾವನ ಮಣ್ಣ ಇನ್ನೂ ಆರಿಲ್ಲ. ಬಾಗಲ ಮುಂದ ರಂಗೋಲಿ ಹಾಕಂತೀಯಲ್ಲ, ನಿನಗ ಬುದ್ಧಿ ನೆಟ್ಟಗ ಐತೇನ?” ಎಂದಳು ಗಿರಿಜಾ.

ಕಾರಣ ಕೇಳಬೇಡ ಎಂದಳು ಮಂದಾಕಿನಿ. ಕಾರಣವಿಲ್ಲದೆ ಹಾಕುವುದಿಲ್ಲ ಎಂದಳು ಅಕ್ಕ. ಚಿಕ್ಕಂದಿನಿಂದ ಈ ಹಟದ ಮುಂದೆ ಮಂದಾಕಿನಿ ಗೆದ್ದವಳಲ್ಲ. ಕೊನೆಗೆ, “ರಂಗೋಲಿ ಕಂಡ್ರ ಗುಂಗಿ ತಿರುಗಿ ಹೋಗತೈತಿ ಅಕ್ಕಾ. ಇದನ್ನ ಯಾರ ಮುಂದೂ ಆಡಬ್ಯಾಡ, ನನ್ನ ನೌಕರಿ ಅಷ್ಟ ಅಲ್ಲ, ಭಾಳ ಮಂದಿ ಜೀವ ಹೋಗತಾವು,” ಎಂದಳು. ಆಯಿತು ಎಂದಳು ಗಿರಿಜಾ.

ಅಕ್ಕ ಮಾತಿಗೆ ತಪ್ಪುವವಳಲ್ಲ. ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದು, ಓಣಿಯೆಲ್ಲ ನೋಡುವ ಹಾಗೆ ರಂಗೋಲಿ ಹಾಕಿದಳು. ಓಣಿಯೆಲ್ಲ ನೋಡಿಯೂ ನೋಡಿತು. ಮಾತಾಡಿಸಲು ಬಂದ ಹೆಂಗಸರು ಅದನ್ನು ತುಳಿಯದಂತೆ ಸುತ್ತು ಬಳಸಿ ಒಳಗೆ ಬಂದರು, ಕೂತರು, ಅತ್ತರು, ಹೊರಗೆ ಹೋಗಿ ಬಾಯಿ ಬಿಟ್ಟರು. ಮಾವ ಸತ್ತದ್ದಕ್ಕೆ ಸೊಸೆ ಹಬ್ಬ ಮಾಡುತ್ತಿದ್ದಾಳೆ ಎಂದರು. ಹೊಲ ಹೆಸರಿಗಾಯಿತಲ್ಲ, ಇನ್ನೇನು ಎಂದರು. ಗಿರಿಜಾ ಎರಡು ದಿನ ಹಲ್ಲು ಕಚ್ಚಿ ತಡೆದಳು. ಎಂಟು ವರ್ಷ ಆ ಮುದುಕನ ಹಾಸಿಗೆಯ ಹೊಲಸು ಬಳಿದವಳು ಅವಳು. ಮೂರನೆಯ ದಿನ ಮಾವನ ಸ್ವಂತ ತಂಗಿಯೇ ಬಂದು ಅಂಗಳದಲ್ಲಿ ನಿಂತು, ನನ್ನಣ್ಣನ ಹೆಣದ ಮೇಲೆ ಕುಣಿದೆಯಲ್ಲೇ ಎಂದಾಗ ಅವಳಿಂದ ತಡೆಯಲಾಗಲಿಲ್ಲ. ಗುಂಗಿಯ ಸಂಗತಿಯನ್ನು ಹೇಳಿಬಿಟ್ಟಳು. ಜೀವದಾಸೆಗೆ ಬಾಯಿ ಮುಚ್ಚಿಕೊಂಡಿರಬಹುದು, ಮಾನ ಹೋಗುವಾಗ ಮುಚ್ಚಿಕೊಂಡಿರುವುದು ಕಷ್ಟ.

ಸಾವಿನ ಮನೆಯ ಸುದ್ದಿಗೆ ಕಾಲು ಬಹಳ. ಅಲ್ಲಿಗೆ ಹತ್ತೂರಿನವರು ಬಂದಿರುತ್ತಾರೆ, ಹತ್ತೂರಿಗೆ ಮರಳುತ್ತಾರೆ. ಹದಿನೈದು ದಿನಗಳಲ್ಲಿ ಆ ಸೀಮೆಯ ಯಾವ ಸಾವಿನ ಮನೆಯೂ ರಂಗೋಲಿಯಿಲ್ಲದೆ ಇರಲಿಲ್ಲ. ಸಾಬರ ಓಣಿಯಲ್ಲಿ ಹಸೀನಾಬಿಯ ಗಂಡ ತೀರಿಕೊಂಡಾಗ, ಹಿಂದಿನ ಓಣಿಯ ಗಂಗವ್ವ ರಂಗೋಲಿ ಬಟ್ಟಲು ಹಿಡಿದು ಹೋಗಿ ಅವಳ ಬಾಗಿಲ ಮುಂದೆ ಏಳೆಳೆಯ ರಂಗೋಲಿ ಹಾಕಿ, ಹಸೀನಾಬಿಯನ್ನು ತಬ್ಬಿಕೊಂಡು ಅತ್ತು ಬಂದಳಂತೆ. ಗುಂಗಿ ಬಂದವು, ಸುತ್ತಿದವು, ಮರಳಿದವು. ಜನ ಮತ್ತೆ ಹೆಣಕ್ಕೆ ಹೆಗಲು ಕೊಡತೊಡಗಿದರು. ಇದೆಲ್ಲ ಅಕ್ಕನ ಫೋನಿನಿಂದ ತಿಳಿದಾಗ ಮಂದಾಕಿನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಸಂತೋಷವೇ ಆಯಿತು. ಆ ಸಂತೋಷದ ಬೆನ್ನಿಗೇ ಹೆದರಿಕೆಯೂ ಬಂತು.

ಹೆದರಿದ್ದೇ ಆಯಿತು. ಒಂದು ಬಿಡಾರದ ಹುಡುಗರಿಗೆ ಪಕ್ಕದ ಮನೆಯ ಅಜ್ಜಿ ಕನಿಕರದಿಂದ ಗುಟ್ಟು ಹೇಳಿದಳು. ಅವರು ಸುಣ್ಣದಲ್ಲಿ ಸೊಟ್ಟಸೊಟ್ಟಾಗಿ ಏನೋ ಗೀಚಿದರು. ಅಕ್ಕಪಕ್ಕದ ಬಿಡಾರಗಳು ಹೋದವು, ಅದೊಂದು ಉಳಿಯಿತು. ಯಾಕೆ ಉಳಿಯಿತು ಎಂದು ನೋಡಲು ಕರ್ನಲ್ ಸವಣೂರ ಸ್ವತಃ ಹೋಗಿ, ಅಲ್ಲಿಂದ ನೇರ ನೆಲಮಾಳಿಗೆಗೆ ಇಳಿದು ಬಂದ. ಮಂದಾಕಿನಿಯ ವಿಭಾಗಕ್ಕೆ ಅವನೇ ಮುಖ್ಯಸ್ಥ. ಮಿತಭಾಷಿ, ಯಾರ ಮೇಲೂ ಕೂಗಿದವನಲ್ಲ.

“ಇದು ನಿಮಗ ಮೊದಲ ಗೊತ್ತಿತ್ತೇನ್ರಿ?” ಎಂದು ಕೇಳಿದ.

“ಗೊತ್ತಿತ್ತರಿ ಸರ್.”

ಯಾಕೆ ಮುಚ್ಚಿಟ್ಟಿರಿ ಎಂದಾಗ, ತಾನು ಯೋಚಿಸಿದ್ದನ್ನೆಲ್ಲ ಅವಳು ಹೇಳಿದಳು. ರಂಗೋಲಿ ಹಾಕಿದ ಮನೆ ಮುಂದೆ ಒಂದೂ ಉಳಿಯುವುದಿಲ್ಲ ಎಂದಳು. ಅವನು ಕೊನೆಯವರೆಗೂ ಕೇಳಿದ.

“ನೀವು ಹೇಳೂದು ಮುಂದ ಆಗೋ ಮಾತು. ಆಗಿಹೋದದ್ದನ್ನ ನಾ ಹೇಳತೀನಿ. ನೀವು ಸುಮ್ಮನಿದ್ದ ದಿನದಾಗ ನನ್ನ ಹುಡುಗರು ಸತ್ತಾರ. ಅವರಿಗೂ ಅಕ್ಕ ತಂಗಿ ಇದ್ರು.”

ಅವಳಷ್ಟು ಚೆನ್ನಾಗಿ ಬಿಲ್ಲೆ ಓದಬಲ್ಲವರು ಬೇರೆ ಇರಲಿಲ್ಲವಾದ್ದರಿಂದ ಅವನು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಇನ್ನೊಮ್ಮೆ ಹೀಗೆ ಮಾಡಿದರೆ ತಾನೇ ಸೆರೆಮನೆಗೆ ಕಳಿಸುವುದಾಗಿ ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿದ.

ಆಮೇಲಿನದು ಅವಳು ಹೇಳಿದ ಹಾಗೆಯೇ ನಡೆಯಿತು. ಹುಬ್ಬಳ್ಳಿ ಪೇಟೆಯ ರಂಗೋಲಿ ಅಚ್ಚುಗಳನ್ನೆಲ್ಲ ಸೈನ್ಯ ಕೊಂಡಿತು. ಮೀಸೆಯ ಹವಾಲ್ದಾರರು ಮೊಣಕಾಲೂರಿ ತಾವರೆ ಬಿಡಿಸುವುದನ್ನು ಕಂಡು ಹಳ್ಳಿಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು, ಎಳೆ ತಪ್ಪಿದಲ್ಲಿ ತಿದ್ದಿಕೊಟ್ಟರು. ತೋಪಿನ ಮುಂದೆ ರಂಗೋಲಿ, ಮದ್ದಿನ ಮನೆಯ ಮುಂದೆ ರಂಗೋಲಿ. ಕೆಲವು ವಾರ ಒಬ್ಬ ಸೈನಿಕನೂ ಸಾಯಲಿಲ್ಲ. ರಂಗೋಲಿಯ ಮರೆಯಿಂದ ನಮ್ಮ ತೋಪುಗಳು ಘಟ್ಟದ ಮೇಲೆ ಬಹಳಷ್ಟು ಮಂದಿಯನ್ನು ಕೊಂದವು. ಆಮೇಲೆ ಒಂದು ಬೆಳಿಗ್ಗೆ, ಹೆಂಗಸರು ರಂಗೋಲಿ ಹಾಕಿ ಒಳಗೆ ಹೋಗುವ ಹೊತ್ತಿಗೆ ಸರಿಯಾಗಿ, ಗುಂಗಿಗಳು ಹಿಂಡಾಗಿ ಬಂದವು. ಚೆಂದದ ರಂಗೋಲಿ ಇದ್ದ ಮನೆಗಳೇ ಮೊದಲು ಹೋದವು. ಅಕ್ಕನ ಓಣಿಗೆ ಅಂದು ಬರಲಿಲ್ಲ. ಗಂಗವ್ವನ ಮನೆಯೂ ಹೋಯಿತು, ಗಂಗವ್ವನೂ ಹೋದಳು.

ಹೊಸ ಬಿಲ್ಲೆ ಮಧ್ಯಾಹ್ನವೇ ನೆಲಮಾಳಿಗೆಗೆ ಬಂತು. ಮಂದಾಕಿನಿ ಅಕ್ಕನ ಮನೆಯ ದೀಪಾವಳಿಯ ಚಿತ್ರವನ್ನೇ ಮೊದಲು ತೋರಿಸಿದಳು. ಗೆರೆ ಪರದೆಯ ನೆತ್ತಿಗೆ ಹೋಯಿತು. ಅವಳು ಕೂಡಲೇ ಬರೆದಳು: ರಂಗೋಲಿ ಕಂಡಲ್ಲಿ ಬೀಳುತ್ತದೆ, ಎಲ್ಲ ಊರುಗಳಲ್ಲಿ ಈ ಗಳಿಗೆಯೇ ಅಳಿಸಬೇಕು, ಖಚಿತ. ಸಂಜೆಯ ಹೊತ್ತಿಗೆ ಡಂಗುರ ಸಾರಿ, ಕೊಡಗಟ್ಟಲೆ ನೀರು ಸುರಿದು, ಆ ಸೀಮೆಯ ಅಂಗಳಗಳನ್ನೆಲ್ಲ ತೊಳೆದರು. ಸಾವಾದ ಮನೆ, ಸಾವಾಗದ ಮನೆ ಎಂಬ ಭೇದ ಉಳಿಯಲಿಲ್ಲ.

ಆಚೆಯ ಆ ಒಬ್ಬರಿಗೆ ಏನಾಯಿತೋ ಎಂದು ಅವಳಿಗೆ ತಡೆಯಲಾರದ ಸಂಕಟವಾಯಿತು. ಹಿಡಿದು ಹಾಕಿದರೋ, ಕೊಂದರೋ. ತಮ್ಮ ಕರುಣೆಯ ಮರೆಯಲ್ಲಿ ತೋಪು ನಿಲ್ಲಿಸಿದ ಈಚೆಯವರ ಬಗ್ಗೆ ಅವರು ಏನು ಅಂದುಕೊಂಡರೋ. ಬಿಲ್ಲೆ ಇನ್ನೂ ತಣ್ಣಗಿತ್ತು, ಎಚ್ಚರವಾಗಿತ್ತು. ತನ್ನಲ್ಲಿದ್ದ ಚಿತ್ರಗಳನ್ನೆಲ್ಲ ಒಂದಾದ ಮೇಲೊಂದು ತೋರಿಸುತ್ತ ಹೋದಳು. ಹಿತ್ತಲು, ಬಾವಿ, ಸಗಣಿ ಕುಳ್ಳಿನ ರಾಶಿ, ಮೇವಿನ ಬಣವೆ. ಒಂದು ಬಟ್ಟೆಯ ಹಗ್ಗದ ಚಿತ್ರಕ್ಕೆ ಗೆರೆ ಕೆಳಗಿಳಿದು ತಳ ಮುಟ್ಟಿತು. ಹಳೆಯ ಬಿಲ್ಲೆಯಲ್ಲಿ ಬಟ್ಟೆಯ ಹಗ್ಗಕ್ಕೆ ಹೀಗಾಗಿರಲಿಲ್ಲ. ಆ ಚಿತ್ರದಲ್ಲಿ ಸೀರೆ ಧೋತರಗಳ ನಡುವೆ ಕೂಸಿನ ತಲೆಗೆ ಕಟ್ಟುವ ಒಂದು ಕುಂಚಿಗೆ ಒಣಗುತ್ತಿತ್ತು. ಕುಂಚಿಗೆಯನ್ನು ಅಳಿಸಿ ತೋರಿಸಿದಳು, ಗೆರೆ ಸುಮ್ಮನೆ ಮಲಗಿತು. ಹಳೆಯದು, ಹೊಸದು, ತೇಪೆ ಹಾಕಿದ್ದು, ಯಾವ ಕುಂಚಿಗೆ ಇದ್ದರೂ ತಳ ಮುಟ್ಟಿತು. ರಂಗೋಲಿಯ ಪಾಠವನ್ನು ಬಲವಂತಕ್ಕೆ ತಿರುವುಮುರುವು ಮಾಡಿದ ಆ ಕೈ, ಅದೇ ಬಿಲ್ಲೆಯ ಇನ್ನೊಂದು ಮೂಲೆಯಲ್ಲಿ ಯಾರಿಗೂ ಕಾಣದಂತೆ ಇದನ್ನು ಇಟ್ಟಿತ್ತು. ಆ ಒಬ್ಬರು ಬದುಕಿದ್ದರು. ಇಷ್ಟಾದ ಮೇಲೂ ಬಿಟ್ಟಿರಲಿಲ್ಲ.

ಕರ್ನಲ್ ಸವಣೂರ ಬಂದು ಬಾಗಿಲಲ್ಲಿ ನಿಂತ. ನಿದ್ದೆಯಿಲ್ಲದ ಕಣ್ಣು. ಬಿಲ್ಲೆಯಲ್ಲಿ ಬೇರೇನಾದರೂ ಕಂಡಿತೇ, ಅದು ಬಿಟ್ಟು ಹೋಗುವಂಥದ್ದು ಏನಾದರೂ ಇದೆಯೇ ಎಂದು ಕೇಳಿದ.

ಏನೂ ಇಲ್ಲ ಎಂದಳು ಮಂದಾಕಿನಿ. ಖಚಿತವೇ ಎಂದು ಕೇಳಿದ. ಖಚಿತ ಎಂದಳು. ಅವನು ಅವಳ ಮುಖವನ್ನು ನೋಡಿ ಮೆಟ್ಟಿಲು ಹತ್ತಿದ.

ನಾಲ್ಕು ದಿನ ಬಿಟ್ಟು, ಅವಳು ಮನೆ ಮುಟ್ಟುವ ಹೊತ್ತಿಗೆ ಅಕ್ಕನ ಫೋನು ಬಂತು. ಬೆಣಚಿಕೊಪ್ಪದಲ್ಲಿ ಬಿಡಾರಕ್ಕೆ ಕೊಟ್ಟಿದ್ದ ಖಾಲಿ ಮನೆಗಳೆಲ್ಲ ಬಿದ್ದುಹೋಗಿ, ಅಕ್ಕನ ಪಡಸಾಲೆಯಲ್ಲೇ ನಾಲ್ಕು ಜನ ಸೈನಿಕರನ್ನು ಇಳಿಸಿದ್ದರು. ಒಳ್ಳೆಯ ಹುಡುಗರು, ನೀರು ಸೇದಿಕೊಡುತ್ತಾರೆ ಎಂದಳು ಗಿರಿಜಾ. ಆದರೆ ದಿನವಿಡೀ ಕಟ್ಟೆಯ ಮೇಲೆ ಕೂತಿರುತ್ತಾರೆ, ಒಳಗೆ ಬನ್ನಿರಪ್ಪಾ ಎಂದರೆ ಸೆಖೆ ಎನ್ನುತ್ತಾರೆ ಎಂದಳು. ಅವಳ ಮನೆಯಲ್ಲಿ ಕೂಸು ಇರಲಿಲ್ಲ. ಆದರೆ ಹಳೆಯ ಟ್ರಂಕಿನಲ್ಲಿ, ಈಗ ದೊಡ್ಡವರಾದ ತನ್ನ ಮಕ್ಕಳ ಬಾಣಂತನದ ಬಟ್ಟೆಗಳನ್ನೆಲ್ಲ ಕಟ್ಟಿಟ್ಟಿದ್ದಾಳೆ ಎಂಬುದು ಮಂದಾಕಿನಿಗೆ ಗೊತ್ತಿತ್ತು. ಒಂದನ್ನು ತೆಗೆದು ಹಗ್ಗಕ್ಕೆ ಹಾಕುವುದು ಎಷ್ಟರ ಕೆಲಸ.

“ಮಂದಾ, ರಂಗೋಲಿ ಅಂತೂ ತೊಳದ್ವಿ. ಅದರ ಬದಲಿ ಮತ್ತೇನರ ಐತೇನವಾ? ಈ ಸಲ ಯಾರ ಮುಂದೂ ಬಾಯಿ ಬಿಡೂದಿಲ್ಲ, ನಿನ್ನಾಣಿ.”

ಅಕ್ಕ ಆಣೆಗೆ ತಪ್ಪುವುದಿಲ್ಲ. ಆದರೆ ಕೂಸಿಲ್ಲದ ಮನೆಯ ಹಗ್ಗದ ಮೇಲೆ ಕುಂಚಿಗೆ ಯಾಕೆ ಬಂತು ಎಂದು ಓಣಿ ಕೇಳುತ್ತದೆ, ಪಡಸಾಲೆಯ ಆ ಹುಡುಗರೂ ಕೇಳುತ್ತಾರೆ.

“ಇಲ್ಲಕ್ಕಾ. ಏನೂ ಇಲ್ಲ,” ಎಂದಳು.

“ಹೋಗಲಿ ಬಿಡು,” ಎಂದಳು ಗಿರಿಜಾ. ಅವಳ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. “ಇದ್ದಿದ್ರ ನನಗ ಹೇಳದ ಬಿಡತಿದ್ದೇನು ನೀ.”